ತಲೆಯಲ್ಲಿ ಬಡಿತ

ಏಪ್ರಿಲ್ 1, ಮಂಗಳವಾರ

ಘನತೆವೆತ್ತ, ಮಹಾಮಹಿಮ, ನೂರಾ ತೊಂಬತ್ತೆರಡು ಪುಟಗಳ ಸಾರ್ವಭೌಮ, ನೀಲಿ ರಟ್ಟಿನ ಕವಚಧಾರಿ, ಚೌಕಳಿ ಗೆರೆಗಳ ಚಕ್ರವರ್ತಿ, ಶ್ರೀಮದ್ ದಿನಚರಿ ಮಹಾಸನ್ನಿಧಾನದ ಅಡಿದಾವರೆಗಳಿಗೆ, ಎರ್ಮೇತೆ ಮಾವನ ಗ್ಯಾರೇಜಿನ ಗ್ರೀಸು ಒರೆಸುವ ಇಲಾಖೆಯ ಮುಖ್ಯಸ್ಥೆಯಾದ ಇಪ್ಪತ್ತೆರಡು ವರ್ಷದ ಕುಮಾರಿ ತೀಲ್ಡೆ ಅಡ್ಡಬಿದ್ದು ಒಪ್ಪಿಸುವ ಬಿನ್ನವತ್ತಳೆ ಏನೆಂದರೆ:

ಈ ದಿನ ಏಪ್ರಿಲ್ ಫೂಲ್, ನಮ್ಮ ಕಡೆಯವರ ಪಾಲಿಗೆ ಮೀನಿನ ಮಹಾಪರ್ವ. ಜನರನ್ನು ಮಂಗ ಮಾಡುವ ಕಾರ್ಯ ಸಂಪ್ರದಾಯಕ್ಕೆ ಚ್ಯುತಿ ಬಾರದಂತೆ ಸಾಂಗವಾಗಿ ನೆರವೇರಿತು. ಮೊದಲನೆಯದಾಗಿ, ಪಾದ್ರಿಗಳ ಬೆನ್ನಿಗೆ ಕಾಗದದ ಮೀನು ಅಂಟಿಸಲಾಯಿತು. ಅದನ್ನು ಹೊತ್ತುಕೊಂಡೇ ಅವರು ಊರ ಚೌಕವನ್ನು ಎರಡು ಸುತ್ತು ಹಾಕಿದರು. ಎರಡನೆಯದಾಗಿ, ಬ್ರೆಡ್ಡಿನಂಗಡಿಯ ಅಲ್ಚೀದೆಯ ರೇಸಿನ ಹೆಲ್ಮೆಟ್ಟಿನೊಳಗೆ ಅವನದೇ ಅಂಗಡಿಯ ಮೈದಾಹಿಟ್ಟು ಸುರಿಯಲಾಯಿತು. ಮೂರನೆಯದಾಗಿ, ನೋರ್ಮಾ ಅತ್ತೆಯ ಅಡುಗೆಮನೆಯಲ್ಲಿ ಸಕ್ಕರೆಯೂ ಉಪ್ಪೂ ಪರಸ್ಪರ ಪದವಿ ಬದಲಿಸಿಕೊಂಡವು. ನಾಲ್ಕನೆಯದೊಂದಿತ್ತು. ಮಂತ್ರಿಮಂಡಲದ ಸಲಹೆಯಂತೆ ಅದನ್ನು ದಾಖಲಿಸುತ್ತಿಲ್ಲ.

ಇನ್ನು ರಾಜಕಾರ್ಯ. ಅಲ್ಚೀದೆಯ ಕೆಂಪು ಆಲ್ಫಾ ಕಾರು ಜೂನ್ ಎಂಟರ ಬೆಟ್ಟದ ಓಟಕ್ಕೆ ಸಿದ್ಧವಾಗಬೇಕು. ಎಂಜಿನ್ನಿನ ತಲೆ ಬಿಚ್ಚಿ, ಕೆತ್ತಿ, ಮತ್ತೆ ಕೂರಿಸಿದ್ದಾಯಿತು. ಉಳಿದಿರುವುದು ಟೈಮಿಂಗ್. ಪಿಸ್ಟನ್ ಮೇಲಕ್ಕೆ ಬಂದು ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದೇ ಮಾವನ ನಲವತ್ತು ವರ್ಷದ ಬದುಕು. ತೀರಾ ಮೊದಲಾದರೆ ಬೆಂಕಿ ಪಿಸ್ಟನ್ನಿಗೆ ಎದುರಾಗಿ ಗುದ್ದುತ್ತದೆ. ಸಣ್ಣಗೆ ಟಿಕಿಟಿಕಿ ಎಂದು ಸದ್ದು ಬರುತ್ತದೆ. ಇದಕ್ಕೆ ನಮ್ಮ ಬೆಟ್ಟದವರು ‘ಎಂಜಿನ್ ತಲೆಯಲ್ಲಿ ಬಡೀತಿದೆ’ ಅನ್ನುತ್ತಾರೆ. ಬಡಿಯಲು ಬಿಟ್ಟರೆ ಪಿಸ್ಟನ್ನಿಗೆ ತೂತು. ತಡವಾದರೆ ಕಾರು ನಿದ್ದೆ ಹೋಗುತ್ತದೆ.

ಕೆತ್ತಿದ ಎಂಜಿನ್ನಿಗೆ ಕಾರ್ಖಾನೆಯವರು ಹಾಕಿದ ಗುರುತು ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಮಾವನ ಕಿವಿ. ಕಿಟಕಿ ಇಳಿಸಿ, ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಸ್ಮಶಾನದ ಏರು ಹತ್ತಿಸುತ್ತಾನೆ. ಉದ್ದನೆಯ ಕಲ್ಲುಗೋಡೆ ಎಂಜಿನ್ನಿನ ಸದ್ದನ್ನು ಹಿಂದಕ್ಕೆ ಎಸೆಯುತ್ತದೆ. ಬಡಿತ ಕೇಳುವವರೆಗೆ ಕಿಡಿಯನ್ನು ಮುಂದಕ್ಕೆ ತಳ್ಳುವುದು, ಕೇಳಿದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತರುವುದು. “ಒಳಗಡೆ ಮಲಗಿರೋರು ಸುಳ್ಳು ಹೇಳಲ್ಲ” ಅನ್ನುತ್ತಾನೆ.

ಇವತ್ತು ಮಾವ ಓಡಿಸುತ್ತಿದ್ದ, ಅಲ್ಚೀದೆ ಪಕ್ಕದಲ್ಲಿ, ನಾನು ಹಿಂದೆ. ಗೋಡೆ ಬಂತು. ಮಾವ ಕತ್ತು ಓರೆ ಮಾಡಿದ.

“ಬಡೀತಿದೆ.”

“ಎಲ್ಲಿ? ನಂಗೇನೂ ಕೇಳಿಸ್ಲಿಲ್ಲಪ್ಪ” ಅಂದ ಅಲ್ಚೀದೆ.

“ನಿನ್ ಕಿವೀಲಿ ಹಿಟ್ಟಿದೆ.”

ಹಿಟ್ಟು ನಿಜವಾಗಿಯೂ ಇತ್ತು. ಮಾವ ಅಲ್ಲೇ ನಿಲ್ಲಿಸಿ, ಬಾನೆಟ್ ಎತ್ತಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಎರಡು ಡಿಗ್ರಿ ಹಿಂದಕ್ಕೆ ತಿರುಗಿಸಿದ.

ಉಪಸಂಹಾರ: ಅತ್ತೆಯ ಜ್ಯೇಷ್ಠಮಧು ಗುಳಿಗೆಯ ಖಾಲಿ ಡಬ್ಬಿಯೂ ಕಾಣೆಯಾಗಿದೆಯಂತೆ. ಅದಕ್ಕೂ ನನ್ನನ್ನೇ ಶಂಕಿಸಲಾಗಿದೆ. ಯಾವ ರಾಜ್ಯದಲ್ಲಿ ನ್ಯಾಯವಿದೆ, ಸನ್ನಿಧಾನವೇ?

ಏಪ್ರಿಲ್ 4, ಶುಕ್ರವಾರ

ಮಹಾಸನ್ನಿಧಾನಕ್ಕೆ ಸಾಷ್ಟಾಂಗ. ಅಂಚೆಯವನ ವ್ಯಾನು ಬಂದಿತ್ತು. ಹದಿನೈದು ವರ್ಷದ ಮುದಿ ವ್ಯಾನು, ಬಡಿಯುವಷ್ಟು ತಾಕತ್ತೂ ಅದಕ್ಕಿಲ್ಲ. ಮಾವ ಮರದ ಹಿಡಿಯ ಉದ್ದ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತ. “ಬಡೀತಿದೆ” ಅಂದ. ಹಿಂದಕ್ಕೆ ತಿರುಗಿಸಿದ.

ವ್ಯಾನು ಹೊರಟಾಗ ಅದರ ಹಿಂದೆ ಅಂಚೆಯವನ ನಾಯಿ ನಡೆದುಕೊಂಡು ಹೋಗುತ್ತಿತ್ತು. ಗೇಟಿನ ಹೊತ್ತಿಗೆ ನಾಯಿ ಮುಂದಿತ್ತು.

ಏಪ್ರಿಲ್ 12, ಶನಿವಾರ

ಅಲ್ಚೀದೆ ಏಪ್ರನ್ನಿನಲ್ಲೇ ಬಂದ. ಕಾರು ನಿಲ್ಲಿಸಿ ಬಾಗಿಲನ್ನು ಹಾಕದೆಯೇ ಶುರುಮಾಡಿದ.

“ಎರ್ಮೇತೆ, ಇದಕ್ಕೇನು ಹಾಕಿದೀಯ ಕಣೋ? ಎಂಜಿನ್ ಎಣ್ಣೇನಾ, ಜೋಳದ ಗಂಜೀನಾ? ಎರಡನೇ ತಿರುವಲ್ಲಿ ಒಬ್ಳು ಮುದುಕಿ ಸೈಕಲ್ಲಲ್ಲಿ ಗಂಟೆ ಹೊಡೆದು ನನ್ನ ದಾಟ್ಕೊಂಡು ಹೋದ್ಲು.”

“ಇಳಿಜಾರಿನಲ್ಲಾ?”

“ಏರಲ್ಲಿ.”

“ಬಡೀತಿತ್ತು, ಹಿಂದಕ್ಕಿಟ್ಟೆ. ಇನ್ನೂ ಬಡೀತಿದೆ. ಕೇಳಿಸ್ತಾ ಇಲ್ವಾ ನಿಂಗೆ?”

“ನಂಗೆ ಕೇಳಿಸ್ತಾ ಇರೋದು ನನ್ನ ಹೆಂಡ್ತಿ ನಗೋದು.”

ಮಾವ ನಗಲಿಲ್ಲ. ಸೈಲೆನ್ಸರಿನ ಕೊಳವೆ ಎಂಜಿನ್ನಿನ ಹತ್ತಿರ ಮಬ್ಬು ಕೆಂಪಗೆ ಕಾದಿತ್ತು. ಕಿಡಿ ತಡವಾದಾಗ ಹಾಗಾಗುತ್ತದೆ. ನನಗೆ ಅದನ್ನು ಕಲಿಸಿದವನು ಮಾವನೇ. ಅವನು ಕೊಳವೆಯನ್ನು ನೋಡಿದ, ನಾನು ಅವನನ್ನು ನೋಡಿದೆ. ಅವನು ಸ್ಪ್ಯಾನರ್ ಎತ್ತಿಕೊಂಡು ಇನ್ನೂ ಒಂದು ಡಿಗ್ರಿ ಹಿಂದಕ್ಕೆ ತಿರುಗಿಸಿದ.

ಅಲ್ಚೀದೆಯ ಟೋಪಿಗೆ ಗ್ರೀಸು ಹಚ್ಚುವ ಯೋಜನೆಯಿತ್ತು. ಹಚ್ಚುವುದು ಮರೆತುಹೋಯಿತು.

ಏಪ್ರಿಲ್ 20, ಭಾನುವಾರ

ಊಟಕ್ಕೆ ಕರೆಯಲು ಗ್ಯಾರೇಜಿಗೆ ಹೋದೆ. ಮಾವ ಮೇಜಿಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದ.

“ಬಾ ಇಲ್ಲಿ. ಕೇಳು. ಬಡೀತಿದೆ.”

ಗ್ಯಾರೇಜಿನಲ್ಲಿ ಒಂದೂ ಎಂಜಿನ್ ಓಡುತ್ತಿರಲಿಲ್ಲ.

ಏಪ್ರಿಲ್ 21, ಸೋಮವಾರ

ಸನ್ನಿಧಾನಕ್ಕೆ ಅರಿಕೆ ಮಾಡಲು ಏನೂ ಇಲ್ಲ.

ಮೇ 2, ಶುಕ್ರವಾರ

ಮಾವನನ್ನು ಕೆಳಗಿನ ಊರಿನ ಕಿವಿ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಎಲ್ಲದಕ್ಕೂ ಮುಂಚೆ ಹೋಗಿ ಕೂರುವುದು ಅವನ ಕಸುಬಿನಿಂದ ಅಂಟಿದ ರೋಗ. ಹತ್ತೂವರೆಗೆ ಬನ್ನಿ ಅಂದಿದ್ದರು; ಒಂಬತ್ತಕ್ಕೆ ನಾವು ಮೂವರೂ ಅಲ್ಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿದ್ದೆವು. ಅತ್ತೆ ಅವನ ಕಾಲರಿನಲ್ಲಿದ್ದ ಗ್ರೀಸನ್ನು ಉಗುಳು ಹಚ್ಚಿ ಒರೆಸುತ್ತಿದ್ದಳು.

ಗಾಜಿನ ಗೂಡಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಮಾವ ಒತ್ತತೊಡಗಿದ. ವೈದ್ಯರು ಯಂತ್ರದಿಂದ ಕೈ ತೆಗೆದು ಸುಮ್ಮನೆ ಕುಳಿತರು. ಮಾವ ಒತ್ತುತ್ತಲೇ ಇದ್ದ. ಪರೀಕ್ಷೆಯಲ್ಲಿ ಎಲ್ಲ ಉತ್ತರ ಬರೆದವನ ಹಾಗೆ ಗಾಜಿನಾಚೆಯಿಂದ ನನ್ನ ಕಡೆ ನೋಡಿ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ. ಇನ್ನೇನು ಮಾಡಬೇಕಿತ್ತು?

“ಸಣ್ಣ ಸದ್ದುಗಳು ನಿಮಗೆ ಕೇಳಿಸೋದಿಲ್ಲ, ಸಿಗ್ನೋರೆ” ಅಂದರು ವೈದ್ಯರು. “ಆ ಜಾಗದಲ್ಲಿ ಕಿವಿ ತಾನೇ ಒಂದು ಸದ್ದು ಮಾಡ್ಕೊಳ್ತಿದೆ. ನಲವತ್ತು ವರ್ಷ ಎಂಜಿನ್ ಪಕ್ಕ ನಿಂತೋರಿಗೆ ಇದು ಬರುತ್ತೆ.”

“ಸರಿ. ಎಷ್ಟು ಡಿಗ್ರಿ ತಿರುಗಿಸಿದ್ರೆ ಹೋಗುತ್ತೆ?”

ವೈದ್ಯರು ತಮಾಷೆ ಅಂದುಕೊಂಡು ನಕ್ಕರು. ಮಾವ ಉತ್ತರಕ್ಕೆ ಕಾಯುತ್ತಿದ್ದ.

“ಇದಕ್ಕೆ ಔಷಧಿ ಇಲ್ಲ. ಜೊತೇಲಿ ಬದುಕೋದು ಅಭ್ಯಾಸ ಮಾಡ್ಕೋಬೇಕು.”

ಅವನು ಕೋಟು ಹಾಕಿಕೊಳ್ಳುವಾಗ ನಾನು ವೈದ್ಯರನ್ನು ಬದಿಗೆ ಕರೆದು ಒಂದು ಪ್ರಶ್ನೆ ಕೇಳಿದೆ. ಪ್ರಶ್ನೆ ಏನೆಂಬುದು ಇಲ್ಲಿ ಬೇಡ. “ಇದು ಯಾವತ್ತು, ಯಾತರಿಂದ ಶುರುವಾಗುತ್ತೆ ಅಂತ ಯಾರೂ ಹೇಳೋಕಾಗಲ್ಲ” ಅಂದರು.

ವಾಪಸು ಬರುವಾಗ ದಾರಿಯುದ್ದಕ್ಕೂ ಮಾವ ನಮ್ಮ ಕಾರಿನ ಎಂಜಿನ್ನಿಗೆ ಕಿವಿಗೊಟ್ಟು ಕುಳಿತಿದ್ದ.

ಮೇ 11, ಭಾನುವಾರ

ಮಹಾಸ್ವಾಮಿ, ಹಿಂದೆ ಸೈನ್ಯಾಧಿಪತಿಗಳು ಕೋಟೆಗಳನ್ನು ಕಳೆದುಕೊಂಡ ಹಾಗೆ ನಾವು ಗಿರಾಕಿಗಳನ್ನು ಕಳೆದುಕೊಳ್ಳುತ್ತಿದ್ದೇವೆ. ಅಂಚೆಯವನು ಬರುವುದು ಬಿಟ್ಟ. ಸೊಸೈಟಿಯ ಹಾಲಿನ ವ್ಯಾನೂ ಬಿಟ್ಟಿತು. ಯಾರೂ ಜಗಳವಾಡಿ ಹೋಗಲಿಲ್ಲ. ಅದೇ ಕಷ್ಟ. ಚೌಕದಲ್ಲಿ ಸಿಕ್ಕರೆ ಮಾವನಿಗೆ ಕಾಫಿ ಕುಡಿಸುತ್ತಾರೆ, ಮೊದಲಿಗಿಂತ ಜಾಸ್ತಿ.

“ಟೈಮಿಂಗ್ ಲೈಟ್ ತರೋಣ ಮಾವ. ಎಲ್ಲರೂ ಇಟ್ಕೊಂಡಿದಾರೆ” ಅಂದೆ. ಕಿಡಿ ಹಾರಿದಾಗಲೆಲ್ಲ ಮಿನುಗಿ ಎಂಜಿನ್ನಿನ ಗುರುತು ತೋರಿಸುವ ದೀಪ ಅದು.

“ತಾ. ಆಮೇಲೆ ಆ ಬೆಳಕನ್ನ ಯಾವ ಗುರುತಿಗೆ ಹಿಡೀತೀಯ? ತಲೆ ಕೆತ್ತಿರೋ ಎಂಜಿನ್ನು. ಅದರ ಗುರುತು ಎಲ್ಲೂ ಬರೆದಿಲ್ಲ. ಇಲ್ಲಿತ್ತು.” ಕಿವಿಯ ಹತ್ತಿರ ಬೆರಳು ತಂದು, ಮುಟ್ಟದೆ ಇಳಿಸಿದ.

ಅವನು ಸರಿ ಹೇಳುತ್ತಿದ್ದ.

ಮೇ 18, ಭಾನುವಾರ

ಅಲ್ಚೀದೆ ಬಂದ. ಒಂದು ಬ್ರೆಡ್ಡು ತಂದು ಮೇಜಿನ ಮೇಲಿಟ್ಟ. ಅವನು ಬ್ರೆಡ್ಡು ತಂದರೆ ಕೆಟ್ಟ ಸುದ್ದಿ ಇದೆ ಎಂದರ್ಥ.

“ಎರ್ಮೇತೆ, ಇಪ್ಪತ್ತು ವರ್ಷ ಆಯ್ತು. ನೀನು ಬಿಟ್ರೆ ಯಾರ ಕೈಯೂ ಈ ಎಂಜಿನ್ ಮುಟ್ಟಿಲ್ಲ.”

“ಹೇಳು.”

“ಮುಂದಿನ ಭಾನುವಾರದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಕೆಳಗಡೆ ರೋಲರ್ ಇರೋ ಗ್ಯಾರೇಜಿಗೆ ಒಯ್ತೀನಿ ಕಣೋ. ಚಕ್ರ ರೋಲರ್ ಮೇಲೆ ಓಡಿಸ್ತಾರಂತೆ, ಮುಳ್ಳೇ ಎಲ್ಲ ಹೇಳುತ್ತಂತೆ.”

“ಮುಳ್ಳಿಗೆ ಕಿವಿ ಇದೆಯಂತಾ?”

ಕಾರನ್ನು ನಮ್ಮಲ್ಲೇ ಬಿಟ್ಟು ಹೋಗುವಾಗ ಅಲ್ಚೀದೆ ನನ್ನ ಹತ್ತಿರ ನಿಂತ. “ಏನಮ್ಮಾ, ನಿಂಗೂ ಹುಷಾರಿಲ್ವಾ? ಒಂದು ತಿಂಗಳಾಯ್ತು, ನನ್ನ ಅಂಗಡಿ ಬೀಗಕ್ಕೆ ಗೋಂದು ಬಿದ್ದಿಲ್ಲ. ಬೆಳಿಗ್ಗೆ ಬೀಗ ತೆಗೆಯೋವಾಗ ಏನೋ ಕಳ್ಕೊಂಡ ಹಾಗಾಗುತ್ತೆ.”

ಬೇಸಿಗೆಯ ಆಲಸ್ಯವಿರಬೇಕು. ಬೇರೇನೂ ಅಲ್ಲ.

ಮಧ್ಯಾಹ್ನ ಅತ್ತೆ ಸಾರಿನಲ್ಲಿ ಬೇಯಿಸಿದ ಪುಟ್ಟ ತೊರ್ತೆಲ್ಲೀನಿ ಕಡುಬು ಬಡಿಸಿದಳು. ಮಾವ ಚಮಚ ಮುಳುಗಿಸಿ ಹಾಗೇ ಕುಳಿತ. ಸಾರಿನ ಮೇಲೆ ಕೊಬ್ಬು ತೆಳ್ಳಗೆ ಕೆನೆಗಟ್ಟಿತು. ಫ್ರಿಜ್ಜು ಗುಂಯ್‌ಗುಟ್ಟಿ ನಿಂತಿತು. ಅದು ನಿಲ್ಲುವಾಗ ಮೂರು ಸಲ ನಡುಗುತ್ತದೆ. ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.

ಮೇ 24, ಶನಿವಾರ

ಇವತ್ತು ಉದ್ದಕ್ಕೆ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ಮಾವ ಕೆಂಪು ಆಲ್ಫಾದ ಬಾಗಿಲು ತೆಗೆದು, “ಹತ್ತು” ಅಂದ. ನಾನು ಅಭ್ಯಾಸದಂತೆ ಹಿಂದಿನ ಸೀಟಿಗೆ ನುಗ್ಗಿದೆ. “ಹಿಂದಲ್ಲ, ಇಲ್ಲಿ. ಕಿಟಕಿ ಪೂರ್ತಿ ಇಳಿಸು. ಗೋಡೆ ನಿನ್ನ ಕಡೆ ಬರುತ್ತೆ.”

ಏರಿನ ಬುಡದಲ್ಲಿ ನಿಲ್ಲಿಸಿದ.

“ಬಡಿತ ಹೇಗಿರುತ್ತೆ ಅಂತ ಗೊತ್ತಲ್ಲ?”

“ಹೇಳು.”

“ತಗಡಿನ ಡಬ್ಬೀಲಿ ಎರಡು ಮೂರು ಬೇರಿಂಗ್ ಗುಂಡು ಹಾಕಿ ಪಕ್ಕದ ಕೋಣೇಲಿ ಯಾರೋ ಅಲ್ಲಾಡಿಸಿದ ಹಾಗೆ. ಜೋರಿರಲ್ಲ. ಇದೆ ಅಂತ ಗೊತ್ತಾಗೋದ್ರೊಳಗೆ ಹೋಗಿರುತ್ತೆ.”

“ಗೊತ್ತು” ಅಂದೆ.

“ನಾನು ಓಡಿಸ್ತೀನಿ. ನೀನು ಇದೆ ಅಥವಾ ಇಲ್ಲ ಅನ್ನು. ‘ಇರಬಹುದು’ ಅನ್ನೋ ಮಾತು ಬೇಡ.”

ನಾಲ್ಕನೇ ಗೇರು. ಗೋಡೆ ಬಂತು. ಎಂಜಿನ್ನಿನ ಉಸಿರು ಕಲ್ಲಿಗೆ ಬಡಿದು ನನ್ನ ಮುಖಕ್ಕೆ ವಾಪಸಾಯಿತು. ಕಾರ್ಬ್ಯುರೇಟರ್ ಗಾಳಿ ಎಳೆಯುವ ಸದ್ದು, ಚಕ್ರದಡಿಯ ಜಲ್ಲಿ, ಗೋಡೆಯೊಳಗೆ ಯಾರೋ ಹೂಗಳಿಗೆ ಸುರಿಯುತ್ತಿದ್ದ ನೀರು. ಬಡಿತ ಇರಲಿಲ್ಲ.

“ಇಲ್ಲ.”

ಮಾವ ನನ್ನ ಕಡೆ ತಿರುಗಿದ. ಅವನಿಗೆ ಕೇಳಿಸುತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. “ನಿಜ ತಾನೆ? ಇದು ಮೀನಲ್ಲ ತಾನೆ?”

ಇಪ್ಪತ್ತೆರಡು ವರ್ಷ ಸುಳ್ಳು ಹೇಳಿ ಸಂಪಾದಿಸಿದ ಹೆಸರು ಇದು. “ಅಲ್ಲ ಮಾವ.”

ಅವನು ಇಳಿದು ಒಂದು ಡಿಗ್ರಿ ಮುಂದಕ್ಕೆ ತಿರುಗಿಸಿದ. ಕೈ ಸ್ಪ್ಯಾನರಿನ ಮೇಲೆ ಸ್ವಲ್ಪ ಹೊತ್ತು ನಿಂತೇ ಇತ್ತು. ಮತ್ತೆ ಹತ್ತಿದೆವು. ಇಲ್ಲ. ಮತ್ತೊಂದು ಡಿಗ್ರಿ. ಇಲ್ಲ. ಪ್ರತಿಸಲ ನಾನು ‘ಇಲ್ಲ’ ಅಂದಾಗಲೂ ಅವನು ಚೂರಿಯ ಮೇಲೆ ಕೈಯಿಡುವವನಂತೆ ಮುಂದಕ್ಕೆ ತಿರುಗಿಸುತ್ತಿದ್ದ. ಕಾರು ಎಚ್ಚರವಾಗುತ್ತ ಬಂತು. ಐದನೆಯ ಸಲ ಬೆನ್ನು ಸೀಟಿಗೆ ಒತ್ತಿತು. ಆರನೆಯ ಸಲ, ಗೋಡೆಯ ಕೊನೆಯ ಕಮಾನಿನ ಹತ್ತಿರ, ಪಕ್ಕದ ಕೋಣೆಯಲ್ಲಿ ಯಾರೋ ಡಬ್ಬಿ ಅಲ್ಲಾಡಿಸಿದರು.

“ಇದೆ” ಅಂದೆ. “ಈಗ ಇದೆ.”

“ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ನಂಗೆ ಎಲ್ಲ ಸಲಾನೂ ಒಂದೇ ಥರ ಇತ್ತು.”

“ಸ್ಪ್ಯಾನರ್ ತಗೋ ಮಾವ” ಅಂದೆ.

ಕೂದಲೆಳೆಯಷ್ಟು ಹಿಂದಕ್ಕೆ ತಂದ. ನಾನು ಹಳದಿ ಪೆನ್ಸಿಲಿನಿಂದ ಡಿಸ್ಟ್ರಿಬ್ಯೂಟರಿಗೂ ಅದರ ಬುಡಕ್ಕೂ ಸೇರಿಸಿ ಒಂದು ಗೆರೆ ಎಳೆದೆ. ಸಂಜೆ ಅಲ್ಚೀದೆ ಓಡಿಸಿ ಬಂದು ಏನೂ ಹೇಳದೆ ಮಾವನ ಎರಡೂ ಕೆನ್ನೆಗೆ ಮುತ್ತಿಟ್ಟ. ಮಾವ ಅವನ ಹೆಗಲ ಮೇಲಿಂದ ನನ್ನ ಕಡೆ ನೋಡುತ್ತಿದ್ದ. ಅವನಿಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ. ಆದರೆ ನನ್ನನ್ನು ಬಿಟ್ಟರೆ ಯಾರಿದ್ದರು?

ಜೂನ್ 7, ಶನಿವಾರ

ನಾಳೆ ಓಟ. ಬೆಳಿಗ್ಗೆ ಬಾನೆಟ್ ಎತ್ತಿದರೆ ಹಳದಿ ಗೆರೆ ಎರಡು ತುಂಡಾಗಿತ್ತು. ಮೇಲಿನ ತುಂಡು ಒಂದು ಉಗುರಿನಷ್ಟು ಪಕ್ಕಕ್ಕೆ ಸರಿದಿತ್ತು. ಮಾವ ನನಗಿಂತ ಮುಂಚೆ ಎದ್ದು ಬಂದು ಹಿಂದಕ್ಕೆ ತಿರುಗಿಸಿದ್ದಾನೆ.

ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದ. ನಾನು ಕೇಳಲಿಲ್ಲ, ಅವನೇ ಹೇಳಿದ.

“ಪಿಸ್ಟನ್ ತೂತಾದ್ರೆ ಅಲ್ಚೀದೆ ತಿರುವಲ್ಲಿ ಇರ್ತಾನೆ, ತೀಲ್ಡೆ. ಎಂಜಿನ್ ಹಿಡ್ಕೊಂಡ್ರೆ ಚಕ್ರಾನೂ ಹಿಡ್ಕೊಳುತ್ತೆ. ಅಲ್ಲಿ ಪಕ್ಕದಲ್ಲಿ ಗೋಡೆ ಇದೆ.”

“ಬಡೀತಿಲ್ಲ ಮಾವ.”

“ನಂಗೆ ಬಡೀತಿದೆ. ಈಗ್ಲೂ.”

ಅವನು ಒಳಗೆ ಹೋದ ಮೇಲೆ ನಾನು ಗ್ಯಾರೇಜಿನಲ್ಲಿ ಕಾರಿನ ಮುಂದೆ ನಿಂತಿದ್ದೆ. ಅವನಿಗೆ ಕೇಳುವುದು ಸುಳ್ಳೆಂದು ವೈದ್ಯರು ಹೇಳಿದ್ದಾರೆ. ನನಗೆ ಕೇಳುವುದು ನಿಜವೆಂದು ಯಾರೂ ಹೇಳಿಲ್ಲ. ಹೀಗೇ ಬಿಟ್ಟರೆ ಅಲ್ಚೀದೆ ಸೋಲುತ್ತಾನೆ, ಸೋಮವಾರ ಕಾರು ಕೆಳಗಿನ ಊರಿಗೆ ಹೋಗುತ್ತದೆ, ಮಾವನ ಹತ್ತಿರ ಏನೂ ಉಳಿಯುವುದಿಲ್ಲ. ತಿರುಗಿಸಿ ನಾನು ತಪ್ಪಾಗಿದ್ದರೆ ಅಲ್ಚೀದೆ ಗೋಡೆಯಲ್ಲಿರುತ್ತಾನೆ.

ಬೋಲ್ಟು ಸಡಿಲಿಸಿ, ಎರಡು ತುಂಡು ಗೆರೆಯನ್ನು ಒಂದು ಮಾಡಿ, ಬಿಗಿದೆ. ಜೀವನದಲ್ಲಿ ಎಷ್ಟೋ ಜನರ ಬೆನ್ನ ಹಿಂದೆ ಎಷ್ಟೋ ಮಾಡಿದ್ದೇನೆ. ನಗು ಬಾರದ ಕಿತಾಪತಿ ಇದೊಂದೇ.

ಜೂನ್ 8, ಭಾನುವಾರ

ಅಲ್ಚೀದೆಯ ಸರದಿಗೆ ಎರಡು ಗಂಟೆ ಮೊದಲೇ ಮಾವ ಸ್ಮಶಾನದ ಗೋಡೆಯ ಹತ್ತಿರ ಹೋಗಿ ನಿಂತಿದ್ದ. ಪಕ್ಕದಲ್ಲಿ ನಾನು.

ಕೆಳಗೆ ಕಣಿವೆಯಲ್ಲಿ ಸದ್ದು ಎದ್ದಿತು. ಒಂದನೇ ತಿರುವು, ಎರಡನೇ ತಿರುವು. ಕೆಂಪು ಕಾರು ಗೋಡೆಯುದ್ದಕ್ಕೂ ಬಟ್ಟೆ ಹರಿದಂತೆ ಹರಿದುಕೊಂಡು ಬಂತು. ನಾನು ಕಣ್ಣು ಮುಚ್ಚಿದೆ. ಬಡಿತ ಇರಲಿಲ್ಲ, ಇರಲಿಲ್ಲ, ಇರಲಿಲ್ಲ. ಕಾರು ಮೇಲೆ ಹೋಯಿತು.

“ಬಡೀತು” ಅಂದ ಮಾವ. ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. “ಹೋಯ್ತು. ಹೋಯ್ತು ಅವನು.”

“ಇಲ್ಲ ಮಾವ.”

ಧ್ವನಿವರ್ಧಕದಲ್ಲಿ ಸಮಯ ಹೇಳಿದರು. ಕಳೆದ ವರ್ಷಕ್ಕಿಂತ ಎರಡೂವರೆ ಸೆಕೆಂಡು ಕಡಿಮೆ. ಜನ ಚಪ್ಪಾಳೆ ತಟ್ಟಿದರು. ಮಾವನಿಗೆ ಅದೂ ಸರಿಯಾಗಿ ಕೇಳಿಸಿತೋ ಇಲ್ಲವೋ.

ಮೇಲೆ ಹೋದಾಗ ಅಲ್ಚೀದೆ ಹೆಲ್ಮೆಟ್ ಹಿಡಿದು ಅಳುತ್ತಿದ್ದ. ಕಿವಿಯ ಹಿಂದೆ ಇನ್ನೂ ಹಿಟ್ಟಿತ್ತು. ಮಾವ ಅವನನ್ನು ದಾಟಿಕೊಂಡು ಹೋಗಿ ಬಾನೆಟ್ ಎತ್ತಿದ. ಹಳದಿ ಗೆರೆಯನ್ನು ನೋಡಿದ. ಒಂದೇ ಗೆರೆ. ನನ್ನನ್ನು ಏನೂ ಕೇಳಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ, ಕನ್ನಡಕ ಹಾಕಿ, ಒಂದೊಂದನ್ನೇ ಬಿಸಿಲಿಗೆ ಹಿಡಿದ. ಬಡಿದಿದ್ದರೆ ತುದಿಯ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಚುಕ್ಕೆ ಬಿದ್ದಿರುತ್ತದೆ. ನಾಲ್ಕೂ ಬಿಸ್ಕತ್ತಿನ ಬಣ್ಣ, ನಾಲ್ಕೂ ಶುಭ್ರ.

ಅವನ ಕಣ್ಣಿನಲ್ಲಿ ಏನೂ ದೋಷವಿಲ್ಲ. ಬಹಳ ಹೊತ್ತು ನೋಡಿದ.

“ಹಾಗಾದ್ರೆ ಈ ತಲೇಲಿ” ಅಂದ, ತನ್ನದನ್ನು ತೋರಿಸಿ. “ಎಂಜಿನ್ನಿನ ತಲೇಲಿ ಅಲ್ಲ.”



ಜೂನ್ 10, ಮಂಗಳವಾರ

ಅಂಚೆಯವನು ವಾಪಸು ಬಂದ. ಬಾಗಿಲಲ್ಲೇ ನಿಂತು, “ಕಿವಿಯಮ್ಮ ಇದಾರಾ?” ಅಂದ. ಅದು ನಾನಂತೆ. ಮಾವ ಸ್ಪ್ಯಾನರ್ ಹಿಡಿದು ನಿಂತು ಕಾಯುತ್ತಾನೆ, ನಾನು ‘ಇದೆ’, ‘ಇಲ್ಲ’ ಅನ್ನುತ್ತೇನೆ, ಅವನು ತಿರುಗಿಸುತ್ತಾನೆ. ಹಾಗೆ ಮಾಡುವುದೆಂದು ಯಾರೂ ಕೂತು ತೀರ್ಮಾನಿಸಲಿಲ್ಲ.

ಅಂಚೆಯವನಿಗೆ ಮಾವ ತಾನೇ ಎಲ್ಲ ಹೇಳಿಕೊಂಡ. “ನಲವತ್ತು ವರ್ಷ ಒಂದು ಸಲಾನೂ ತಪ್ಪಿರ್ಲಿಲ್ಲಪ್ಪ. ದಿನಾನೂ ನೆನಪಿದೆ ನಂಗೆ. ಏಪ್ರಿಲ್ ಒಂದು. ಅಲ್ಚೀದೆ ಪಕ್ಕದಲ್ಲಿದ್ದ, ಅವನಿಗೆ ಕೇಳಿಸ್ಲಿಲ್ಲ, ನಂಗೆ ಕೇಳಿಸ್ತು. ಇಲ್ಲದೇ ಇರೋ ಬಡಿತಾನ ನಾನು ಮೊದಲ್ನೇ ಸಲ ಕೇಳಿದ್ದು ಅವತ್ತೇ. ನನ್ನ ಕಿವಿ ಹೋಗಿದ್ದು ಅವತ್ತೇ.” ಎಲ್ಲರಿಗೂ ಇದನ್ನೇ ಹೇಳುತ್ತಾನೆ, ಸತ್ತವರ ತಾರೀಖು ಹೇಳುವ ಹಾಗೆ. ಹೇಳುವಾಗ ನಾನು ಪಕ್ಕದಲ್ಲೇ ಇರುತ್ತೇನೆ.

ನಿಜ ಹೇಳಿದರೆ ಆ ಒಂದು ದಿನ ಅವನಿಗೆ ವಾಪಸು ಸಿಗುತ್ತದೆ. ಆದರೆ ಆಮೇಲೆ ನನ್ನ ‘ಇಲ್ಲ’ವನ್ನು ಅವನು ನಂಬುವುದಿಲ್ಲ. ತನ್ನ ಕಿವಿಯನ್ನೇ ಮತ್ತೆ ನಂಬುತ್ತಾನೆ. ಹಳದಿ ಗೆರೆಗಳೆಲ್ಲ ಮತ್ತೆ ತುಂಡಾಗುತ್ತವೆ. ಯಾವ ಕಡೆಗೆ ತಿರುಗಿಸಿದರೂ ಬಡಿಯುತ್ತದೆ.

ಅತ್ತೆಯ ಜ್ಯೇಷ್ಠಮಧು ಡಬ್ಬಿ ನನ್ನ ಹಾಸಿಗೆಯ ಕೆಳಗಿದೆ. ಅದರಲ್ಲಿ ಮೂರು ಬೇರಿಂಗ್ ಗುಂಡುಗಳಿವೆ. ಏಪ್ರಿಲ್ ಒಂದರಂದು ಹಿಂದಿನ ಸೀಟಿನಲ್ಲಿ, ಗೋಡೆ ಬಂದಾಗ, ನಾನು ಅದನ್ನು ಒಂದೇ ಒಂದು ಸಲ ಅಲ್ಲಾಡಿಸಿದೆ. ಅಲ್ಚೀದೆಯ ಕಿವಿಯಲ್ಲಿ ಹಿಟ್ಟಿತ್ತು. ಮಾವನಿಗೆ ಸರಿಯಾಗಿ ಕೇಳಿಸಿತು.